ಬಸಿದ ನೀರು

ರೂಪಾಲಿ ಅಡುಗೆಮನೆಯಿಂದ ತೂತಿನ ಬೋಗುಣಿಯನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಕೂತಿದ್ದ ಹೆಂಗಸರ ನಡುವೆ ಬೀಸಿ ಒಗೆದಳು. ಅದು ನೆಲಕ್ಕೆ ಬಡಿದು, ಉರುಳಿ, ಗೋಡೆಗೆ ತಾಗಿ ಮಗುಚಿತು. ಅಳುತ್ತಿದ್ದವರ ಅಳು ಗಕ್ಕನೆ ನಿಂತಿತು. ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಲಕ್ಷ್ಮಿಬಾಯಿಯೊಬ್ಬಳೇ ಬೆಚ್ಚಲಿಲ್ಲ.

"ನೋಡ್ರಿ, ಎಲ್ಲಾರೂ ಕಣ್ಣ ತೆರದ ನೋಡ್ರಿ! ಇದರಾಗ ಬಸದ ಬಸದ ಕೊಂದ್ಲು ನಮ್ಮವ್ವನ್ನ. ಕಾಯಿಪಲ್ಲೆ ಕುದಿಸಿ, ಇದ್ದ ಸತ್ವ ಎಲ್ಲಾ ಚೆಲ್ಲಿ, ಹಿಪ್ಪಿ ತಿನ್ನಸ್ತಿದ್ಲು. ದನಕ್ಕ ಸುದ್ದಾ ಯಾರೂ ಹಂಗ ಹಾಕಾಂಗಿಲ್ಲ."

ರೂಪಾಲಿ ಲಕ್ಷ್ಮಿಬಾಯಿಯ ಹಿರಿಯ ಮಗಳು. ನಿಪ್ಪಾಣಿಗೆ ಕೊಟ್ಟಿದ್ದರು. ಹಬ್ಬಕ್ಕೊಮ್ಮೆ ಶೇಡಬಾಳಕ್ಕೆ ಬಂದು, ತಾಯಿಯ ಕೈ ಹಿಡಿದು, ಎಷ್ಟು ಸೊರಗಿದ್ದೀ ಎಂದು ಅತ್ತು, ಸಂಜೆಯ ಬಸ್ಸಿಗೆ ಹೊರಟುಹೋಗುವವಳು. ಈಗ ಆಕೆ ಬೆರಳು ಮಾಡುತ್ತಿದ್ದುದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಮಯೂರಿಯ ಕಡೆಗೆ.

ಮಯೂರಿಗೆ ಅಳು ಬಂದಿರಲಿಲ್ಲ. ಬೆಳಿಗ್ಗೆ ಐದಕ್ಕೆ ಅತ್ತೆಯ ಎದೆಗೆ ಕಿವಿಯಿಟ್ಟು, ಏನೂ ಕೇಳಿಸದೆ ತಲೆ ಎತ್ತಿದಾಗಲೂ ಬಂದಿರಲಿಲ್ಲ. ಆಗಿನಿಂದ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಹೋದ ವಾರದ ರಕ್ತದ ವರದಿಯಲ್ಲಿ, ಐದು ದಾಟಬಾರದ ಪೊಟ್ಯಾಶಿಯಂ ಆರಕ್ಕೆ ಬಂದು ನಿಂತಿತ್ತು. ಡಾಕ್ಟರು ಕುಡಿಯಲು ಪುಡಿ ಬರೆದುಕೊಟ್ಟು, ಎಂಟು ದಿನ ಬಿಟ್ಟು ಮತ್ತೆ ಬನ್ನಿ ಎಂದಿದ್ದರು. ನಾಳೆ ಹೋಗುವುದಿತ್ತು. ಹದಿನಾರು ತಿಂಗಳು ಒಂದು ದಿನ ತಪ್ಪದೆ ನೆನೆಸಿ, ಕುದಿಸಿ, ಬಸಿದು ಹಾಕಿದ್ದಳು. ಹಾಗಿದ್ದರೆ ಆ ಹಾಳು ಪೊಟ್ಯಾಶಿಯಂ ಎಲ್ಲಿಂದ ಬಂತು? ಇದು ಗೊತ್ತಾಗದಿದ್ದರೆ ಸಾಯುವ ತನಕ ಈ ಮನೆಯಲ್ಲಿ ಅವಳು ಅತ್ತೆಯನ್ನು ಹಸಿವಿನಿಂದ ಕೊಂದವಳೇ.

"ಡಾಕ್ಟರ ಹೇಳಿದಂಗ ಮಾಡೇನಿ ಅಕ್ಕಾರ," ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿತ್ತು.

"ಡಾಕ್ಟರ ಸಾಯಿಸು ಅಂದಿದ್ದನೇನ?"

ಅಂಗಳದಲ್ಲಿ ಗಂಡಸರು ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಅವರಿಗೆ ಸಲಹೆ ಕೊಡುತ್ತ ಹೊರಸಿನ ಮೇಲೆ ಕೂತಿದ್ದವನು ಭಾವುಸಾಹೇಬ, ಸತ್ತವಳ ಗಂಡ ಪಾರಿಸನ ದೊಡ್ಡಪ್ಪನ ಮಗ. ಯಾರ ಮನೆಯಲ್ಲಿ ಯಾರು ಸತ್ತರೂ ಮೊದಲು ಬಂದು, ಹೇಗೆ ಬದುಕಿಸಬಹುದಿತ್ತು ಎಂದು ಹೇಳುವ ಗುತ್ತಿಗೆ ಅವನದು. ಒಳಗಿನ ಗದ್ದಲ ಕೇಳಿ ಅವನು ಕುತ್ತಿಗೆ ಚಾಚಿದ.

"ನನಗ ಮೊದಲಿಂದ ಸಂಶೇ ಇತ್ತ. ನಮ್ಮ ಜೈನ ಮಂದೀಗಿ ಕಿಡ್ನಿ ರೋಗ ಅಂದ್ರ ಏನ್ರಿ? ಮಾಂಸ ಇಲ್ಲ, ದಾರೂ ಇಲ್ಲ, ಉಳ್ಳಾಗಡ್ಡಿ ಸುದ್ದಾ ಇಲ್ಲ. ಹೊತ್ತ ಮುಳಗಿದ ಮ್ಯಾಲ ಊಟ ಇಲ್ಲ. ತಿನ್ನೂದೆಲ್ಲಾ ಕಾಯಿಪಲ್ಲೆ, ಕಾಳಕಡಿ. ದಿನಾ ಎರಡ ಎಳನೀರ ಕೊಟ್ಟಿದ್ರ ಇವತ್ತ ಎದ್ದ ಅಡ್ಡಾಡತಿದ್ಲು."

ಎಳನೀರಿನ ತುಂಬ ಅದೇ ಪೊಟ್ಯಾಶಿಯಂ, ದಿನಾ ಎರಡು ಕೊಟ್ಟಿದ್ದರೆ ಹೋದ ವರ್ಷವೇ ಬಿದಿರು ಕಟ್ಟಬೇಕಾಗುತ್ತಿತ್ತು ಎಂದು ಕೂಗಿ ಹೇಳಬೇಕೆನಿಸಿತು ಮಯೂರಿಗೆ. ಬೋಗುಣಿಯನ್ನು ಎತ್ತಿಕೊಂಡು ಒಳಗೆ ಹೋದಳು.

*

ಹದಿನಾರು ತಿಂಗಳ ಹಿಂದೆ ಮೊದಲ ಸಲ ಮಿರಜದ ಆಸ್ಪತ್ರೆಗೆ ಹೋದಾಗ ಲಕ್ಷ್ಮಿಬಾಯಿ ಇಳಕಲ್ ಸೀರೆ ಉಟ್ಟಿದ್ದಳು, ಮದುವೆಗೆ ಹೊರಟವಳ ಹಾಗೆ. ಮೂತ್ರಪಿಂಡಗಳು ಮುಕ್ಕಾಲು ಭಾಗ ಕೆಟ್ಟಿವೆ, ಹಳೆಯ ಬಿಪಿ ಮಾಡಿದ ಕೆಲಸ ಎಂದು ಡಾಕ್ಟರು ಹೇಳಿದಾಗ, ತನ್ನ ಅಡುಗೆಗೇ ಅಪವಾದ ಬಂದಂತೆ ಆಕೆ ಸೆಟೆದು ಕೂತಳು.

"ಡಾಕ್ಟರ್ರ, ಮುನಿ ಮಹಾರಾಜರಿಗಿ ಆಹಾರ ಮಾಡಿ ಕೊಟ್ಟಾಕಿ ನಾ. ನೀರ ಸುದ್ದಾ ಸೋಸಿ ಕುಡಿಯೂ ಮಂದಿ. ನಮಗ್ಯಾಕ ಕಿಡ್ನಿ ಕೆಡತೈತಿ?"

ಡಾಕ್ಟರು ನಕ್ಕು, ಊಟದ ಸಲಹೆ ಕೊಡುವ ಹುಡುಗಿಯ ಬಳಿಗೆ ಕಳಿಸಿದರು. ಆಕೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಸಮಾಧಾನವಾಗಿ ತಿಳಿಸಿದಳು. ನಿಮ್ಮ ಊಟ ಒಳ್ಳೆಯದೇ ಆಜೀ, ಸೊಪ್ಪು, ಕಾಯಿ, ಕಾಳಿನ ಊಟ ಕೆಟ್ಟ ಕಿಡ್ನಿಗೆ ಹಗುರ, ಅದನ್ನು ಬಿಡಬೇಡಿ. ಹಾಲು, ಪೇಢೆ ಕಡಿಮೆ ಮಾಡಿ. ಬದಲಿಸಬೇಕಾದದ್ದು ಬೇಯಿಸುವ ರೀತಿ. ಕಾಯಿಪಲ್ಲೆಯಲ್ಲಿ ಪೊಟ್ಯಾಶಿಯಂ ಇರುತ್ತದೆ, ಗಟ್ಟಿ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ನಿಮ್ಮದಕ್ಕೆ ಈಗ ಅದು ಆಗದು. ರಕ್ತದಲ್ಲೇ ಉಳಿದು ಏರಿದರೆ ಎದೆ ನಿಂತುಹೋಗುತ್ತದೆ. ಅದಕ್ಕೇ ಸಣ್ಣಗೆ ಹೆಚ್ಚಿ, ಎರಡು ತಾಸು ನೆನೆಸಿ, ಬೇರೆ ನೀರು ಹಾಕಿ ಕುದಿಸಿ, ಬಸಿದುಬಿಡಿ. ಪೊಟ್ಯಾಶಿಯಂ ನೀರಿಗೆ ಇಳಿಯುತ್ತದೆ.

"ಪಾಣೀ ಟಾಕಾಯಚಂ. ಠೇವಾಯಚಂ ನಾಹೀ," ಎಂದು ಮೂರು ಸಲ ಹೇಳಿದಳು. ನೀರು ಚೆಲ್ಲಬೇಕು, ಇಟ್ಟುಕೊಳ್ಳಬಾರದು.

ಮಯೂರಿ ವಹಿಯಲ್ಲಿ ಬರೆದುಕೊಂಡಳು. ಲಕ್ಷ್ಮಿಬಾಯಿ ಆ ಹುಡುಗಿಯ ಬಳೆ ನೋಡುತ್ತ ಕೂತಿದ್ದಳು. ಎಮ್ಮೆಗಳನ್ನು ನೋಡಿಕೊಳ್ಳಲು ಪಾರಿಸ ಊರಲ್ಲೇ ಉಳಿದಿದ್ದ. ಮಗ ಸಂದೇಶ ಹೊರಗೆ ಫೋನಿನಲ್ಲಿದ್ದು, ಕೊನೆಗೆ ಬಂದು ತಲೆಯಾಡಿಸಿದ. ಹಿಂದಿರುಗುವಾಗ ಹೆಂಡತಿಗೆ ಹೇಳಿದ, "ಅಪ್ಪಗ ನಾ ತಿಳಿಸಿ ಹೇಳತೇನಿ. ನೀ ಹೇಳಾಕ ಹೋಗಬ್ಯಾಡ. ಸೊಸಿ ಪಾಠ ಮಾಡಿದ್ರ ಅವರಿಗಿ ಸರಿ ಅನಸಾಂಗಿಲ್ಲ."

ಮರುದಿನದಿಂದಲೇ ಆ ಅಡುಗೆ ಶುರುವಾಯಿತು. ಗೆಡ್ಡೆಗೆಣಸು ಆ ಮನೆಯಲ್ಲಿ ಮೊದಲೇ ಇಲ್ಲ. ಅಷ್ಟಮಿ, ಚತುರ್ದಶಿಗೆ ಹಸಿರು ಮುಟ್ಟುವಂತಿಲ್ಲ, ಅವತ್ತು ಬರೀ ಬೇಳೆಕಾಳು, ಅದಕ್ಕೂ ಇದೇ ಶಿಕ್ಷೆ. ಮೊದಲ ದಿನದ ಹೀರೆಕಾಯಿ ಪಲ್ಲೆಯನ್ನು ಲಕ್ಷ್ಮಿಬಾಯಿ ಬೆರಳಿನಿಂದ ತಿರುವಿ ನೋಡಿದಳು.

"ಇದೇನಬೇ, ಹೀರಿಕಾಯಿ ಜಳಕಾ ಮಾಡಿ ಬಂದಾವು?"

"ಹೌದ್ರಿ ಅತ್ತ್ಯಾರ. ನಿಮ್ಮ ಭೆಟ್ಟೀಗಿ ಬಂದಾವಲ್ಲ, ಅದಕ್ಕ."

ಲಕ್ಷ್ಮಿಬಾಯಿ ನಕ್ಕಿದ್ದಳು. ನಕ್ಕು, ಅರ್ಧ ತಿಂದು, ಅರ್ಧ ಗಂಡನ ತಟ್ಟೆಗೆ ಹಾಕಿದ್ದಳು.

ತೊಡಕಾದದ್ದು ನೀರಿನದೇ. ಕುದಿಯುವ ನೀರನ್ನು ಆ ಮನೆಯಲ್ಲಿ ಯಾರೂ ಬಚ್ಚಲಿಗೆ ಸುರಿಯುವುದಿಲ್ಲ. ಇರುವೆ, ಹುಳ, ಕಣ್ಣಿಗೆ ಕಾಣದ ಜೀವಗಳು ಬೆಂದು ಸಾಯುತ್ತವೆ, ಆ ಪಾಪ ಸುರಿದವರಿಗೆ. ನೀರು ಪೂರ್ತಿ ಆರಬೇಕು, ಆಮೇಲೆ ಚೆಲ್ಲಬೇಕು. ಮಯೂರಿ ಬಸಿದ ನೀರಿನ ಪಾತ್ರೆಯನ್ನು ಹಿತ್ತಲ ಕಟ್ಟೆಯ ಮೇಲೆ ಆರಲು ಇಡುತ್ತಿದ್ದಳು. ಕಾಗವಾಡದ ಶಾಲೆಯಲ್ಲಿ ಅವಳಿಗೆ ಕೆಲಸ, ಒಂಬತ್ತಕ್ಕೆ ಶಾಲೆಯ ಗಾಡಿ ಬಂದು ಹಾರ್ನು ಹೊಡೆಯುವಾಗಲೂ ನೀರು ಹಬೆಯಾಡುತ್ತಲೇ ಇರುತ್ತಿತ್ತು. ಮೂರು ದಿನ ಅವಳ ಒದ್ದಾಟ ನೋಡಿ ಪಾರಿಸ ತಾನಾಗಿಯೇ ಹೇಳಿದ.

"ನೀ ಹೋಗವಾ. ಆರಿದ ಮ್ಯಾಲ ನಾ ದಾಸವಾಳದ ಗಿಡಕ್ಕ ಹಾಕತೇನಿ."

ನಲವತ್ತು ವರ್ಷ ಅಡುಗೆಮನೆಯ ಹೊಸ್ತಿಲು ದಾಟದ ಮನುಷ್ಯ. ಮಯೂರಿಗೆ ಆ ದಿನ ಮಾವನ ಮೇಲೆ ಅಕ್ಕರೆ ಉಕ್ಕಿಬಂದಿತ್ತು.

*

ಹೆಣ ಎತ್ತುವಾಗ ಹನ್ನೆರಡು ದಾಟಿತ್ತು. ಣಮೋಕಾರ ಮಂತ್ರ ಹೇಳುತ್ತ ಗಂಡಸರು ಹೆಗಲು ಕೊಡಲು ಸೇರುತ್ತಿದ್ದಂತೆ ಮಯೂರಿ ಗಂಡನನ್ನು ಹಿತ್ತಲಿಗೆ ಕರೆದಳು.

"ಒಂದ ಮಾತ ಹೇಳ್ರಿ ಮಂದಿ ಮುಂದ. ನೀರ ಬಸೀರಿ ಅಂತ ಡಾಕ್ಟರ ಹೇಳಿದ್ರು ಅಂತ. ಇಷ್ಟ ಸಾಕ."

"ಈಗ ಬ್ಯಾಡ, ಮಯೂರಿ."

"ಮತ್ತ ಯಾವಾಗ? ನನ್ನ ತಿಥಿ ದಿವಸ ಹೇಳತೀರೇನ?"

"ಅಕ್ಕ ದುಕ್ಕದಾಗ ಅದಾಳ. ನಾಕ ದಿವಸ ಒದರಿ ಸುಮ್ಮನಾಗತಾಳ."

ಅವನು ಹೋಗಿ ಹೆಗಲು ಕೊಟ್ಟ. ಹೆಣಕ್ಕೆ ಕೊಡುವ ಹೆಗಲನ್ನು ಬದುಕಿದ್ದವಳಿಗೆ ಕೊಡಲು ಏನು ಧಾಡಿ ಎಂದು ಮಯೂರಿಯ ಮೈಯೆಲ್ಲ ಉರಿಯಿತು. ಮೊದಲಿನಿಂದಲೂ ಹೀಗೆ. ಯಾವುದೇ ಮಾತಾಗಲಿ, ನಾನು ಹೇಳುತ್ತೇನೆ ಎನ್ನುವುದು, ಹೇಳದೆ ಇರುವುದು.

ಹೆಂಗಸರು ಓಣಿಯ ತಿರುವಿನ ತನಕ ಹೋಗಿ ಮರಳಿದರು. ಸ್ನಾನವಾದ ಮೇಲೆ ಪಡಸಾಲೆಯಲ್ಲಿ ಕೂತು ಸತ್ತವಳ ಗುಣಗಾನ ಶುರುವಾಯಿತು. ಲಕ್ಷ್ಮಿಬಾಯಿಯ ಜೊತೆ ಇಪ್ಪತ್ತು ವರ್ಷ ಹೊಲದಲ್ಲಿ ಕಳೆ ತೆಗೆದ ತಾರವ್ವ ಬಾಗಿಲ ಬಳಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು.

"ಭಾಳ ಚೊಕ್ಕ ಹೆಣಮಗಳು. ನೀರ ಸೋಸಿದ ಅರಬಿ ತಗೊಂಡ ಮತ್ತ ಬಾವಿಗೇ ಹೋಗಿ ಜಾಲಾಡಿ ಬರಾಕಿ. ಅದರಾಗಿನ ಹುಳ ಅಲ್ಲೇ ಹೋಗಿ ಬದಕಲಿ ಅಂತ. ನಾ ನಗತಿದ್ನಿ. ಹುಳದ ಸಂಸಾರದ ಚಿಂತಿನೂ ನಿನಗ ಯಾಕಬೇ ಅಂತ."

"ಒಂದ ಅಗಳ ಚೆಲ್ಲಿದಾಕಿ ಅಲ್ಲ," ಎಂದಳು ಇನ್ನೊಬ್ಬಳು. "ಹೋಳಿಗಿ ಮಾಡಿದ್ರ ಬ್ಯಾಳಿ ಕಟ್ಟಿನ ಸಾರ ನಾಕ ಮನೀಗಿ ಹಂಚತಿದ್ಲು. ಅಂಥಾ ಸಾರ ಇನ್ನ ಯಾರ ಮಾಡಬೇಕು?"

"ಅಂಥಾಕೀಗಿ ಕಡೀಕ ನೀರ ಬಸದ ಹಿಪ್ಪಿ," ಎಂದಳು ರೂಪಾಲಿ. "ಹೋದ ತಿಂಗಳ ಬಂದಾಗ ಕೈ ಹಿಡದ ನೋಡಿದ್ನಿ. ಕಡ್ಡಿ ಆಗಿತ್ತು. ನಮ್ಮವ್ವ ಹಸದ ಸತ್ತಾಳ, ಹಸದ!"

ಹೆಂಗಸರು ಲೊಚಗುಟ್ಟಿದರು. ತಾರವ್ವ ಮಾತ್ರ ಮಯೂರಿಯ ಮುಖ ನೋಡಿ ತಲೆ ಕೆಳಗೆ ಹಾಕಿದಳು.

*

ಕಡ್ಡಿ ಆಗಿತ್ತು, ನಿಜ. ಮೂರು ತಿಂಗಳ ಹಿಂದೆ ರಕ್ತದ ವರದಿಯಲ್ಲಿ ಪೊಟ್ಯಾಶಿಯಂ ಏರಿದ್ದು ನೋಡಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ನೀರ ಚೆಲ್ಲತೀರೋ ಇಲ್ಲೋ?"

"ಚೆಲ್ಲತೇವ್ರಿ. ದಿನಾ."

"ಚೆಲ್ಲಿದ್ರ ಹಿಂಗ ಏರಾಂಗಿಲ್ಲವಾ. ಖರೇ ಹೇಳ್ರಿ. ನನ್ನ ಮುಂದ ಸುಳ್ಳ ಹೇಳಿ ನಿಮಗೇನ ಬರೂದೈತಿ?"

ಇಪ್ಪತ್ತೆಂಟು ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವ ಟೀಚರ್ ಅಲ್ಲಿ ಕೆಂಪಾಗಿ ಕೂತಿದ್ದಳು. ಮನೆಗೆ ಬಂದವಳೇ ಅಡುಗೆಮನೆಯನ್ನು ಜಾಲಾಡಿದಳು. ಟೊಮ್ಯಾಟೊ ಹೋಯಿತು. ಬಾಳೆಹಣ್ಣು ಹೋಯಿತು. ಶೇಂಗಾ ಚಟ್ನಿ ಹೋಯಿತು. ಪಲ್ಲೆಯನ್ನು ಎರಡು ಸಲ ಕುದಿಸಿ, ಎರಡು ಸಲ ಬಸಿದಳು. ಅನ್ನದ ಜೊತೆ ನೆಂಚಿಕೊಳ್ಳಲು ಏನೂ ಉಳಿಯಲಿಲ್ಲ. ಲಕ್ಷ್ಮಿಬಾಯಿ ಊಟದ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು.

"ಅತ್ತ್ಯಾರ, ಎರಡ ತುತ್ತ ಉಣ್ರಿ."

"ನೀ ವೈರಿ ಅಲ್ಲ ಬಿಡಬೇ, ನನಗ ಗೊತ್ತೈತಿ," ಎಂದಿದ್ದಳು ಲಕ್ಷ್ಮಿಬಾಯಿ, ಮುಖ ತಿರುಗಿಸದೆ. "ಆದ್ರ ನಿನ್ನ ಅಡಗಿ ವೈರಿ ಐತಿ. ಬಾಯಾಗ ಇಟ್ಟರ ಅರಬಿ ಜಗದಂಗ ಆಗತೈತಿ. ನನಗೂ ಇನ್ನ ನಾಕ ವರ್ಷ ಇರೂ ಆಸೆ ಐತಿ. ಇಲ್ಲಂತ ಅಲ್ಲ. ಆದ್ರ ಹಿಂಗ ಹ್ಯಾಂಗ ಇರೂದು?"

ಆ ರಾತ್ರಿಯೂ ಮಯೂರಿ ವಹಿ ತೆಗೆದು ಪಟ್ಟಿ ನೋಡಿದಳು. ಎಲ್ಲೂ ತಪ್ಪಿರಲಿಲ್ಲ. ಮುಂದಿನ ತಿಂಗಳ ವರದಿ ಮತ್ತೂ ಏರಿತ್ತು. ಆಸ್ಪತ್ರೆಯಲ್ಲಿ ಸುಳ್ಳಿ, ಮನೆಯಲ್ಲಿ ಕಟುಕಿ. ಎರಡರ ನಡುವೆ ಅವಳು ದಿನಾ ಬೆಳಿಗ್ಗೆ ಆರಕ್ಕೆ ಎದ್ದು ತೊಂಡೆಕಾಯಿ ಹೆಚ್ಚುತ್ತಿದ್ದಳು.

*

ಸುಡುಗಾಡಿನಿಂದ ಬಂದವರು ಮಿಂದು ಕೂರುವ ಹೊತ್ತಿಗೆ ಐದೂವರೆ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಭಾವುಸಾಹೇಬನ ಮನೆಯಿಂದ ರೊಟ್ಟಿ, ಅನ್ನ, ಬೇಳೆ ಬಂದಿತ್ತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕೆಂದು ಪಡಸಾಲೆಯಲ್ಲಿ ಅವಸರದಿಂದ ತಟ್ಟೆ ಹಾಕಿದರು. ಸಾಲಿನ ಮೊದಲಿಗೆ ಪಾರಿಸ, ಅವನ ಮಗ್ಗುಲಿಗೆ ರೂಪಾಲಿ, ಆಮೇಲೆ ಸಂದೇಶ, ಭಾವುಸಾಹೇಬ, ಉಳಿದ ನಾಲ್ಕಾರು ಜನ. ಮಯೂರಿ ಬಡಿಸಿದಳು. ಇಲ್ಲಿಯ ತನಕ ಅವಳ ಕೈಯಡುಗೆಯನ್ನು ಹಳಿದವರು ಯಾರೂ ಅವಳ ಕೈಯಿಂದ ಬಡಿಸಿಕೊಳ್ಳಲು ಹಿಂಜರಿಯಲಿಲ್ಲ.

ಪಾರಿಸ ರೊಟ್ಟಿ ಮುರಿಯದೆ ಕೂತಿದ್ದ.

"ಒಂದ ತುತ್ತ ಉಣ್ಣಪ್ಪಾ," ಎಂದಳು ರೂಪಾಲಿ. "ಅವ್ವ ಅಂತೂ ಹಸದ ಹೋದ್ಲು. ನೀನಾದ್ರೂ..."

"ಹಂಗ ಅನಬ್ಯಾಡ ರೂಪಾ."

ಬೆಳಿಗ್ಗೆಯಿಂದ ಅವನಾಡಿದ ಮೊದಲ ಮಾತು ಅದು. ಎಲ್ಲರೂ ಅವನ ಕಡೆ ತಿರುಗಿದರು.

"ನಿಮ್ಮವ್ವ ಹಸದ ಸತ್ತಿಲ್ಲ. ಅಷ್ಟ ಸಮಾಧಾನ ಇಟಗೊ. ಆಕೀಗಿ ಹಸದ ಇರಾಕ ನಾ ಬಿಟ್ಟಿಲ್ಲ." ಅವನು ಗಂಟಲು ಸರಿಮಾಡಿಕೊಂಡ. "ಮಯೂರಿ ಸಾಲೀಗಿ ಹೋದ ಮ್ಯಾಲ ಆ ನೀರ ಇರತಿತ್ತಲ್ಲ, ಬಸದದ್ದು. ಗಿಡಕ್ಕ ಹಾಕತೇನಿ ಅಂದಿದ್ನಿ. ನಾಕ ದಿನ ಹಾಕಿದ್ನಿ. ಆಮ್ಯಾಲ ಮನಸ ಆಗಲಿಲ್ಲ. ಎಲ್ಲಾ ಸತ್ವ ಅದರಾಗ ಇರತೈತಿ. ಬ್ಯಾಳಿ ಕಟ್ಟ ಯಾರಾರ ಚೆಲ್ಲತಾರೇನ? ಜೀರಗಿ ಹಾಕಿ, ಒಂದೀಟ ಹುಣಸಿಹುಳಿ ಹಿಂಡಿ ಕುದಸತಿದ್ನಿ. ಆಕಿನ ಮಲಕೊಂಡಲ್ಲಿಂದ ಹೇಳಿ ಕೊಡತಿದ್ಲು, ಇಷ್ಟ ಹಾಕ್ರಿ, ಇನ್ನ ಸಾಕ್ರಿ ಅಂತ. ದಿನಾ ಮಧ್ಯಾಹ್ನ ಒಂದ ವಾಟಿ ತುಂಬ ಕುಡಸತಿದ್ನಿ. ಬಾಯೀಗಿ ರುಚಿ ಬಂತ ನೋಡ್ರಿ, ಅಂತಿದ್ಲು. ಇತ್ತಿತ್ತಲಾಗಿ ಊಟ ಕಡಿಮಿ ಆತಲ್ಲ, ಎರಡ ವಾಟಿ ಮಾಡಿದ್ನಿ. ನಲವತ್ತ ವರ್ಷ ಆಕಿ ನನಗ ಮಾಡಿ ಹಾಕಿದ್ಲು. ಕಡೀಕ ನಾ ಆಕೀಗಿ ಮಾಡಿ ಹಾಕಿನಿ."

ಅವನ ಕಣ್ಣಿಂದ ನೀರು ಇಳಿಯಿತು. ಭಾವುಸಾಹೇಬನೂ ಕಣ್ಣೊರೆಸಿಕೊಂಡ.

"ಪುಣ್ಯಾತ್ಮ! ಇಂಥಾ ಗಂಡ ಸಿಗಾಕ ಏನ ಪುಣ್ಯ ಮಾಡಿದ್ಲೋ!"

ರೂಪಾಲಿ ತಂದೆಯ ಭುಜಕ್ಕೆ ಹಣೆಯಿಟ್ಟು ಗಳಗಳ ಅತ್ತಳು. "ನೀ ಇದ್ದಿ ಅಂತ ಅವ್ವ ಇಷ್ಟ ದಿನ ಬದಕಿದ್ಲಪ್ಪಾ. ಇಲ್ಲಾಂದ್ರ ಈಕಿ ಯಾವಾಗೋ..."

ಬೇಳೆಯ ಸೌಟು ಮಯೂರಿಯ ಕೈಯಲ್ಲಿತ್ತು. ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ಹಿತ್ತಲಲ್ಲಿ ತೊಳೆದು ಬೋರಲು ಹಾಕಿರುತ್ತಿದ್ದ ಪಾತ್ರೆ, ಮಾವ ಪಾತ್ರೆ ಕೂಡ ತೊಳೆಯುತ್ತಾನಲ್ಲ ಎಂದು ತಾನು ಶಾಲೆಯಲ್ಲಿ ಹೊಗಳಿದ್ದು, ಡಾಕ್ಟರ ಮುಂದೆ ಕೆಂಪಾಗಿ ಕೂತದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಎರಡು ಸಲ ಕುದಿಸಿ ಬಸಿದಿದ್ದಳು. ಎರಡು ವಾಟಿ ಕುಡಿಸಿದ್ದ.

"ಮಾಮಾ," ಎಂದಳು.

ಸಂದೇಶ ತಲೆ ಎತ್ತಿದ. ಅವನಿಗೆ ಆಗಲೇ ಅರ್ಥವಾಗಿತ್ತು. "ಮಯೂರಿ, ಬ್ಯಾಡ."

"ನೀವ ಸುಮ್ಮನ ಕುಂದರ್ರಿ. ಅಪ್ಪಗ ತಿಳಿಸಿ ಹೇಳತೇನಿ ಅಂದಿದ್ರಿ. ಹೇಳಿದ್ರೇನ?"

"ನೀರ ಚೆಲ್ಲಬೇಕ ಅಂತ ಹೇಳಿದ್ನಿ..."

"ಯಾಕಂತ ಹೇಳಿದ್ರೇನ?"

ಮಯೂರಿ ಸೌಟನ್ನು ಪಾತ್ರೆಗೆ ಹಾಕಿ ಮಾವನ ಎದುರು ನೆಲದ ಮೇಲೆ ಕೂತಳು. ಈ ಮನೆಗೆ ಬಂದಾಗಿನಿಂದ ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು ಅದೇ ಮೊದಲು.

"ಮಾಮಾ, ಆ ನೀರ ಚೆಲ್ಲಾಕಂತನ ಕುದಸತಿದ್ನಿ ನಾ. ಅದರಾಗ ಇದ್ದದ್ದ ಸತ್ವ ಅಲ್ಲ. ಪೊಟ್ಯಾಶಿಯಂ ಅಂತ ಇರತೈತಿ. ಅತ್ತ್ಯಾರ ಕಿಡ್ನಿ ಅದನ್ನ ಹೊರಗ ಹಾಕತಿರಲಿಲ್ಲ. ರಕ್ತದಾಗ ಏರಿ ಎದಿ ನಿಲ್ಲಸತೈತಿ, ನೀರ ಚೆಲ್ರಿ ಅಂತ ಆಸ್ಪತ್ರ್ಯಾಗ ಮೂರ ಸಲ ಹೇಳಿದ್ರು. ಅದನ್ನ ತಗ್ಯಾಕಂತ ನಾ ಆರಕ್ಕ ಏಳತಿದ್ನಿ. ನಾ ಮುಂಜಾನಿ ತಗದದ್ದನ್ನ ನೀವ ಮಧ್ಯಾಹ್ನ ವಾಪಸ ಕುಡಿಸೀರಿ. ದಿನಾ. ಹುಳಿ ಹಿಂಡಿ."

"ಏ, ಏನ ಮಾತಾಡಾಕತ್ತಿ!" ಭಾವುಸಾಹೇಬ ಗದರಿದ. "ಹಿರ್ಯಾರ ಅನ್ನೂ ಖಬರ ಐತಿಲ್ಲೋ?"

"ನೀವೂ ಸುಮ್ಮನ ಕುಂದರ್ರಿ. ಎಳನೀರ ಕೊಡಬೇಕಿತ್ತಂತ! ಬೆಳಗಿಂದ ನಾ ಕೊಂದೇನಿ ಅಂತ ಅನಸ್ಕೊಂಡೇನಿ. ಇನ್ನ ಅನಸ್ಕೊಳಾಂಗಿಲ್ಲ."

ರೂಪಾಲಿ ತಂದೆಯ ಭುಜದಿಂದ ಹಣೆ ತೆಗೆದಳು. ಸಾಲಿನಲ್ಲಿ ಕೂತವರು ತಂತಮ್ಮ ತಟ್ಟೆ ನೋಡಿಕೊಂಡರು.

ಪಾರಿಸ ಮಯೂರಿಯ ಮುಖವನ್ನೇ ದಿಟ್ಟಿಸುತ್ತಿದ್ದ. ಆಮೇಲೆ ಕೇಳಿದ, "ನಿನ್ನೆ ಕುಡಸಿದ್ದೂ?"

"ನಿನ್ನೆ ಕುಡಸಿದ್ದೂ."

ಅವನು ತಲೆಯಾಡಿಸಿದ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ತಿಂದ. ಮತ್ತೊಂದು ತುತ್ತು. ಇನ್ನೊಂದು. ತಟ್ಟೆ ಖಾಲಿಯಾಗುವ ತನಕ ತಿಂದ, ಯಾರೋ ನಿಂತು ತಿನ್ನಿಸುತ್ತಿದ್ದಂತೆ. ಮಯೂರಿಯ ಸಿಟ್ಟು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದು ಯಾರ ಮೇಲೆ ಎಂಬುದಷ್ಟೇ ಈಗ ಅವಳಿಗೆ ತಿಳಿಯುತ್ತಿರಲಿಲ್ಲ.

ಉಂಡ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೇ ಕುಡಿದು ಏಳುವುದು ಪಾರಿಸನ ಚಿಕ್ಕಂದಿನ ನೇಮ. ಎಂಜಲು ಉಳಿದರೆ ಅದರಲ್ಲಿ ಜೀವಗಳು ಹುಟ್ಟಿ ಸಾಯುತ್ತವೆ. ಅವನ ಕೈ ರೂಢಿಯಂತೆ ತಂಬಿಗೆ ಬಗ್ಗಿಸಿತು, ತಟ್ಟೆಯ ಸುತ್ತ ಬೆರಳಾಡಿಸಿತು. ಬೇಳೆಯ ಹಳದಿ ನೀರಿಗಿಳಿಯಿತು. ತಟ್ಟೆಯನ್ನು ಎರಡೂ ಕೈಯಿಂದ ಬಾಯಿಯ ತನಕ ಎತ್ತಿದ.

ಅಲ್ಲೇ ನಿಲ್ಲಿಸಿದ. ಕುಡಿಯಲಿಲ್ಲ. ಕೆಳಗಿಡಲೂ ಇಲ್ಲ. ತಟ್ಟೆ ಓರೆಯಾಗಿ ಅಂಚಿನಿಂದ ಒಂದೆರಡು ಹನಿ ಧೋತರದ ಮೇಲೆ ಬಿದ್ದವು.

"ಹೊತ್ತ ಮುಳಗತೈತಿ ಪಾರಿಸಾ, ಕುಡದ ಏಳ," ಎಂದ ಭಾವುಸಾಹೇಬ, ಮೆಲ್ಲಗೆ.

ಹಿರಿಯರು ಏಳದೆ ಸಾಲು ಏಳುವಂತಿಲ್ಲ. ರೂಪಾಲಿ, ಸಂದೇಶ, ಭಾವುಸಾಹೇಬ ಎಂಜಲುಗೈ ಒಣಗಿಸಿಕೊಂಡು ಕೂತರು. ಕಬ್ಬಿನ ಹೊಲದ ಆಚೆ ಬಿಸಿಲು ಹೋಯಿತು. ಪಡಸಾಲೆಯಲ್ಲಿ ದೀಪ ಹಾಕಲು ಯಾರೂ ಏಳಲಿಲ್ಲ. ಪಾರಿಸ ತಟ್ಟೆ ಹಿಡಿದೇ ಇದ್ದ.